ಶಾಲೆಯನ್ನು ನೋಡುವ ಕಣ್ಣು

ಇನ್‌ಸ್ಪೆಕ್ಟರರು ಬರುವ ದಿನ ಶಾಲೆ ಹೇಗಿರುತ್ತದೆಂಬುದನ್ನು ಶಾಲೆಗೆ ಹೋದವರೆಲ್ಲರೂ ಬಲ್ಲರು. ಗೋಡೆಗೆ ಹೊಸ ಸುಣ್ಣ ಬಿದ್ದಿರುತ್ತದೆ. ಹಿಂದಿನ ವಾರವೇ ಮುಗಿದ ಪದ್ಯವನ್ನು ಅಂದು ಹೊಸದೆಂಬಂತೆ ಬೋಧಿಸಲಾಗುತ್ತದೆ. ಪ್ರಶ್ನೆ ಕೇಳಿದೊಡನೆ ಮೇಲೇಳಬೇಕಾದ ಕೈಗಳು ಯಾರವೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಕಾಲೇಜಿನಲ್ಲಿ ಪಾಠ ಹೇಳಿದ ನಾನೂ ಇದಕ್ಕೆ ಹೊರತಲ್ಲ. ತಪಾಸಣೆಯ ಸಮಿತಿ ಬಂದ ದಿನ ನನ್ನ ಕಂಠವೂ ಒಂದು ಶ್ರುತಿ ಮೇಲೇರುತ್ತಿತ್ತು, ನನ್ನ ವಿದ್ಯಾರ್ಥಿಗಳೂ ಹಠಾತ್ತನೆ ಕಾವ್ಯರಸಿಕರಾಗುತ್ತಿದ್ದರು. ಬಂದವರು ಸಂತೋಷಪಟ್ಟು ವರದಿ ಬರೆದು ಹೋಗುತ್ತಿದ್ದರು. ಅವರು ನೋಡಿದ್ದು ಶಾಲೆಯನ್ನಲ್ಲ, ತಮ್ಮನ್ನು ಎದುರುಗೊಳ್ಳಲು ಸಿದ್ಧವಾಗಿ ನಿಂತ ಶಾಲೆಯನ್ನು.

ಹಾಗಾದರೆ ಯಾರೂ ನೋಡದಿರುವಾಗ ಶಾಲೆ ಹೇಗಿರುತ್ತದೆ? ಈ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ. ನೋಡಬೇಕಾದರೆ ನೋಡುವವನೊಬ್ಬ ಬೇಕು. ನೋಡುವವನು ಬಂದೊಡನೆ ನೋಡಬೇಕಾದ ವಸ್ತು ಮಾರ್ಪಡುತ್ತದೆ. ಈ ತೊಡಕನ್ನು ಬಿಡಿಸಲು ಬ್ರಿಟನ್ನಿನ ಟೆಲಿವಿಷನ್ ಸುಮಾರು ಅರ್ಧ ಶತಮಾನದಿಂದ ಯತ್ನಿಸುತ್ತ ಬಂದಿದೆ. ಅಲ್ಲಿನ ಪ್ರೌಢಶಾಲೆಗಳ ದಿನನಿತ್ಯದ ಬದುಕನ್ನು ಚಿತ್ರಿಸಿದ ಸಾಕ್ಷ್ಯಚಿತ್ರಗಳ ಕಥೆಯೆಂದರೆ ಈ ಯತ್ನದ ಕಥೆಯೇ. ಆ ಚಿತ್ರಗಳು ಏನನ್ನು ಕಂಡವು, ಏನನ್ನು ಕಾಣದೆ ಹೋದವು, ಕಂಡದ್ದರ ಹೊಣೆಯನ್ನು ಯಾರು ಹೊರಬೇಕು ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಇಂಗ್ಲಿಷಿನಲ್ಲಿ ಚಲನಚಿತ್ರದ ಸಂದರ್ಭದಲ್ಲಿ ಸಾಕ್ಷ್ಯಚಿತ್ರವೆಂಬ ಅರ್ಥದ ಮಾತನ್ನು 1926ರಲ್ಲಿ ಬಳಕೆಗೆ ತಂದವನು ಜಾನ್ ಗ್ರಿಯರ್‌ಸನ್ ಎಂಬ ಸ್ಕಾಟ್ಲೆಂಡಿನವನು. ಆದರೆ ಆಗಿನ ಸಾಕ್ಷ್ಯಚಿತ್ರಗಳು ನಾವು ಇಂದು ಹೇಳುತ್ತಿರುವ ಬಗೆಯವಲ್ಲ. ಆಗ ಕ್ಯಾಮೆರಾ ಭಾರವಾದದ್ದು. ಅದಕ್ಕೆ ಪ್ರಖರವಾದ ದೀಪಗಳು ಬೇಕು. ಮಾತನ್ನು ಸ್ಥಳದಲ್ಲಿಯೇ ಹಿಡಿಯುವುದು ಬಹಳ ಕಷ್ಟ. ಆದ್ದರಿಂದ ಜನರನ್ನು ನಿಲ್ಲಿಸಿ, ಮಾಡಿದ ಕೆಲಸವನ್ನೇ ಮತ್ತೆ ಮಾಡಿಸಿ ಚಿತ್ರಿಸಿಕೊಂಡು, ಆ ಮೇಲೆ ಒಬ್ಬ ಗಂಭೀರ ಕಂಠದವನಿಂದ ವಿವರಣೆಯನ್ನು ಓದಿಸುತ್ತಿದ್ದರು. 1960ರ ಸುಮಾರಿಗೆ ಹೆಗಲ ಮೇಲೆ ಹೊರಬಹುದಾದ ಹದಿನಾರು ಮಿಲಿಮೀಟರಿನ ಕ್ಯಾಮೆರಾ, ಅದರೊಡನೆ ಹೆಜ್ಜೆಗೆ ಹೆಜ್ಜೆ ಹೊಂದಿಕೊಂಡು ನಡೆಯುವ ಧ್ವನಿಮುದ್ರಣ ಯಂತ್ರ, ಮಂದ ಬೆಳಕಿನಲ್ಲಿಯೂ ಬಿಂಬ ಮೂಡುವ ಫಿಲ್ಮು ಇವು ಒಟ್ಟಿಗೆ ಕೈಗೆ ಬಂದವು. ಇಬ್ಬರು ಮೂವರು ಒಂದು ಕೋಣೆಯ ಮೂಲೆಯಲ್ಲಿ ನಿಂತು, ಅಲ್ಲಿ ನಡೆಯುವುದನ್ನು ನಡೆದಂತೆಯೇ ಹಿಡಿಯುವುದು ಸಾಧ್ಯವಾಯಿತು. ಹೀಗೆ ಹುಟ್ಟಿದ್ದು ಅವಲೋಕನದ ಸಾಕ್ಷ್ಯಚಿತ್ರ. ಅಮೆರಿಕದಲ್ಲಿ ಫ್ರೆಡರಿಕ್ ವೈಸ್‌ಮನ್ 1968ರಲ್ಲಿ ಫಿಲಡೆಲ್ಫಿಯಾದ ಪ್ರೌಢಶಾಲೆಯೊಂದನ್ನು ಒಂದು ಮಾತಿನ ವಿವರಣೆಯೂ ಇಲ್ಲದೆ ಚಿತ್ರಿಸಿದ.

ಬ್ರಿಟನ್ನಿನಲ್ಲಿ ಈ ಪದ್ಧತಿಯನ್ನು ನಿಷ್ಠೆಯಿಂದ ಹಿಡಿದವನು ರೋಜರ್ ಗ್ರೇಫ್. ಹುಟ್ಟಿದ್ದು ಅಮೆರಿಕದಲ್ಲಿ, ನೆಲೆಸಿದ್ದು ಬ್ರಿಟನ್ನಿನಲ್ಲಿ. 1972ರಲ್ಲಿ ಅವನು ಬಿಬಿಸಿಗಾಗಿ ‘ದಿ ಸ್ಪೇಸ್ ಬಿಟ್ವೀನ್ ವರ್ಡ್ಸ್’, ಎಂದರೆ ಮಾತುಮಾತಿನ ನಡುವಣ ತೆರಪು, ಎಂಬ ಮಾಲಿಕೆಯನ್ನು ಮಾಡಿದ. ಸಂಸಾರ, ಕಾರ್ಖಾನೆಯ ಕೆಲಸ, ರಾಜಕಾರಣ, ರಾಯಭಾರ ಇವುಗಳ ಜೊತೆಗೆ ಶಾಲೆಗೂ ಅದರಲ್ಲಿ ಒಂದು ಭಾಗವಿತ್ತು. ಗ್ರೇಫನ ಕಟ್ಟುಪಾಡುಗಳು ಸರಳವಾದವು: ವಿಶೇಷ ದೀಪಗಳನ್ನು ಹಚ್ಚಬಾರದು, ಯಾರನ್ನೂ ಸಂದರ್ಶಿಸಬಾರದು, ನಡೆದು ಹೋದದ್ದನ್ನು ಮತ್ತೆ ನಡೆಸಿರೆಂದು ಕೇಳಬಾರದು. ಆ ಮಾಲಿಕೆಯ ಹೆಸರೇ ಅದರ ತತ್ತ್ವವನ್ನು ಹೇಳುತ್ತದೆ. ಗುರು ಒಂದು ಮಾತು ಹೇಳುತ್ತಾನೆ, ಶಿಷ್ಯನಿಗೆ ಇನ್ನೊಂದು ಕೇಳಿಸುತ್ತದೆ. ಎರಡರ ನಡುವಣ ತೆರಪಿನಲ್ಲಿಯೇ ಶಿಕ್ಷಣವೆಂಬುದು ನಡೆಯುತ್ತದೆ, ಇಲ್ಲವೇ ತಪ್ಪಿಹೋಗುತ್ತದೆ. ಪಾಠ ಹೇಳಿದ ಯಾರಿಗೂ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಂದಿನ ಕಥೆ ತಿಳಿಯಬೇಕಾದರೆ ಅಲ್ಲಿನ ಶಾಲಾವ್ಯವಸ್ಥೆಯ ವಿಷಯ ಎರಡು ಮಾತು ಅಗತ್ಯ. 1944ರ ಶಿಕ್ಷಣ ಶಾಸನದ ಬಳಿಕ ಇಂಗ್ಲೆಂಡಿನ ಬಹುಭಾಗದಲ್ಲಿ ಮಕ್ಕಳು ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆಗೆ ಕೂಡುತ್ತಿದ್ದರು. ತೇರ್ಗಡೆಯಾದವರು ಗ್ರಾಮರ್ ಶಾಲೆಗೆ, ಉಳಿದವರು ಬಹುತೇಕ ಸೆಕೆಂಡರಿ ಮಾಡರ್ನ್ ಎಂಬ ಶಾಲೆಗೆ. ಹನ್ನೊಂದು ವರ್ಷದ ಕೂಸಿನ ಹಣೆಬರಹವನ್ನು ಒಂದು ಬೆಳಗಿನಲ್ಲಿ ಬರೆದುಬಿಡುವ ಈ ಕ್ರಮ ಅನ್ಯಾಯವೆಂದು ಭಾವಿಸಿದ ಲೇಬರ್ ಸರ್ಕಾರ 1965ರಲ್ಲಿ ಒಂದು ಸುತ್ತೋಲೆ ಹೊರಡಿಸಿ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಓದಿಸುವ ಕಾಂಪ್ರಿಹೆನ್ಸಿವ್ ಶಾಲೆಗಳ ಕಡೆಗೆ ಹೊರಳುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಈ ಬದಲಾವಣೆಯ ಸುತ್ತ ಎದ್ದ ವಾದವಿವಾದ ಇಂದಿಗೂ ಪೂರ್ತಿ ಅಡಗಿಲ್ಲ. 1976ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿ ಜೇಮ್ಸ್ ಕ್ಯಾಲಹನ್ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನಲ್ಲಿ ಮಾಡಿದ ಭಾಷಣ ಶಾಲೆಗಳ ಗುಣಮಟ್ಟವನ್ನು ರಾಷ್ಟ್ರದ ಚರ್ಚೆಯ ವಸ್ತುವಾಗಿಸಿತು.

ಸರಿಯಾಗಿ ಆ ಕಾವಿನ ಹೊತ್ತಿನಲ್ಲಿ, 1977ರ ಮಾರ್ಚಿನಲ್ಲಿ, ಬಿಬಿಸಿಯ ‘ಪ್ಯಾನೊರಮಾ’ ಕಾರ್ಯಕ್ರಮದಲ್ಲಿ ‘ದಿ ಬೆಸ್ಟ್ ಡೇಸ್?’ ಎಂಬ ಚಿತ್ರ ಪ್ರಸಾರವಾಯಿತು. ನಿರ್ದೇಶಕಿ ಏಂಜೆಲಾ ಪೋಪ್. ಚಿತ್ರಿಸಿದ್ದು ಪಶ್ಚಿಮ ಲಂಡನ್ನಿನ ಫ್ಯಾರಡೆ ಪ್ರೌಢಶಾಲೆಯನ್ನು. ಶಾಲೆಯ ದಿನಗಳೇ ಬಾಳಿನ ಸವಿದಿನಗಳೆಂದು ಅಲ್ಲಿನವರು ಹೇಳುವ ವಾಡಿಕೆಯ ಮಾತಿಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಸೇರಿಸಿ ಇಟ್ಟ ಹೆಸರು ಅದು. ಚಿತ್ರದಲ್ಲಿ ಗದ್ದಲದ ತರಗತಿಗಳಿದ್ದವು. ಹುಡುಗರನ್ನು ಹಿಡಿತಕ್ಕೆ ತರಲಾರದೆ ಒದ್ದಾಡುವ ಉಪಾಧ್ಯಾಯರಿದ್ದರು. ಮನೆಗಳಲ್ಲಿ ಕುಳಿತು ನೋಡಿದ ತಂದೆತಾಯಿಗಳು ದಿಗಿಲುಗೊಂಡರು. ಕಾಂಪ್ರಿಹೆನ್ಸಿವ್ ಶಾಲೆಗಳ ವಿರೋಧಿಗಳಿಗೆ ಸಾಕ್ಷಿ ದೊರೆತಂತಾಯಿತು. ದಿನಗಟ್ಟಲೆ ಚಿತ್ರಿಸಿದ್ದರಲ್ಲಿ ಅತ್ಯಂತ ಕೆಟ್ಟ ಗಳಿಗೆಗಳನ್ನೇ ಹೆಕ್ಕಿ ಜೋಡಿಸಿದ್ದಾರೆಂದು ಶಿಕ್ಷಣಕ್ಷೇತ್ರದ ಅನೇಕರು ಆಕ್ಷೇಪಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಚಿತ್ರದಲ್ಲಿ ಸುಳ್ಳು ಇತ್ತೆಂದು ಹೇಳುವಂತಿಲ್ಲ. ತೋರಿಸಿದ ಗದ್ದಲ ನಡೆದ ಗದ್ದಲವೇ. ಆದರೂ ಅದು ಶಾಲೆಯ ಸತ್ಯವೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ನಮ್ಮ ಆಲಂಕಾರಿಕರ ಪರಿಭಾಷೆ ಇಲ್ಲಿ ನೆರವಿಗೆ ಬರುತ್ತದೆ. ನಾಟ್ಯದಲ್ಲಿ ಎರಡು ಧರ್ಮಗಳಿವೆಯೆಂದು ಭರತನು ಹೇಳುತ್ತಾನೆ: ಲೋಕದಲ್ಲಿ ಇದ್ದಂತೆ ತೋರಿಸುವುದು ಲೋಕಧರ್ಮಿ; ಕಲೆಯ ಕಟ್ಟಿಗೆ ಒಳಪಡಿಸಿ ತೋರಿಸುವುದು ನಾಟ್ಯಧರ್ಮಿ. ಅವಲೋಕನದ ಸಾಕ್ಷ್ಯಚಿತ್ರ ತನ್ನನ್ನು ಶುದ್ಧ ಲೋಕಧರ್ಮಿಯೆಂದು ಹೇಳಿಕೊಳ್ಳುತ್ತದೆ. ಒಂದೊಂದು ತುಣುಕನ್ನೂ ಬಿಡಿಯಾಗಿ ನೋಡಿದಾಗ ಅದು ನಿಜವೂ ಹೌದು. ಆದರೆ ಯಾವ ತುಣುಕಿನ ಮುಂದೆ ಯಾವುದು ಬರಬೇಕು, ಯಾವುದನ್ನು ಕತ್ತರಿಸಬೇಕು, ಯಾವ ಮುಖದ ಮೇಲೆ ದೃಶ್ಯ ಮುಗಿಯಬೇಕು ಎಂದು ಸಂಕಲನಕಾರ ನಿರ್ಣಯಿಸುವ ಗಳಿಗೆಯಲ್ಲಿ ನಾಟ್ಯಧರ್ಮಿ ಒಳಗೆ ಬಂದು ಕೂಡುತ್ತದೆ. ಇದು ದೋಷವಲ್ಲ, ಅನಿವಾರ್ಯ. ಆದರೆ ನೋಡುಗ ಇದನ್ನು ಮರೆತರೆ ಆಯ್ಕೆಯನ್ನು ಸತ್ಯವೆಂದು ನಂಬಿ ಕೂಡುತ್ತಾನೆ.

ಮುಂದಿನ ಹೆಜ್ಜೆಗಳು ಇನ್ನೂ ದೀರ್ಘವಾದ ನೋಟದ ಕಡೆಗೆ. 1980ರಲ್ಲಿ ಬಿಬಿಸಿ ರ್‍ಯಾಡ್ಲಿ ಎಂಬ ವಸತಿಶಾಲೆಯನ್ನು ಕುರಿತು ‘ಪಬ್ಲಿಕ್ ಸ್ಕೂಲ್’ ಎಂಬ ಮಾಲಿಕೆಯನ್ನು ಪ್ರಸಾರ ಮಾಡಿತು. ಹೆಸರು ಕೇಳಿ ಇದು ಸಾರ್ವಜನಿಕ ಶಾಲೆಯೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಆ ಮಾತಿಗೆ ಅರ್ಥ ತಿರುವುಮುರುವು. ದುಬಾರಿ ಶುಲ್ಕ ತೆತ್ತು ಉಳ್ಳವರ ಮಕ್ಕಳು ಓದುವ ಹಳೆಯ ಖಾಸಗಿ ಶಾಲೆಗಳಿಗೆ ಅಲ್ಲಿ ಆ ಹೆಸರು. ಎರಡು ವರ್ಷಗಳ ಬಳಿಕ, 1982ರಲ್ಲಿ, ಕಾರ್ಬಿ ಎಂಬ ಊರಿನ ಕಿಂಗ್ಸ್‌ವುಡ್ ಕಾಂಪ್ರಿಹೆನ್ಸಿವ್ ಶಾಲೆಯ ಸರದಿ ಬಂದಿತು. ಕಾರ್ಬಿ ಉಕ್ಕನ್ನು ನಂಬಿ ಬೆಳೆದ ಊರು. ಅಲ್ಲಿ ಉಕ್ಕಿನ ಉತ್ಪಾದನೆ 1980ರಲ್ಲಿ ನಿಂತುಹೋಗಿತ್ತು. ಕುಲುಮೆ ಆರಿದ ಊರಿನ ಮಕ್ಕಳಿಗೆ ಶಾಲೆ ಏನು ಭರವಸೆ ಕೊಡಬಲ್ಲದು? ಎರಡು ಮಾಲಿಕೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದವನಿಗೆ ಒಂದೇ ದೇಶದ ಎರಡು ಬಾಲ್ಯಗಳು ಕಾಣುತ್ತಿದ್ದವು. ಬೇರೆ ಟೀಕೆ ಬೇಕಿರಲಿಲ್ಲ.

ಆ ಮೇಲೆ ತಂತ್ರ ಮತ್ತೊಮ್ಮೆ ಬದಲಾಯಿತು. ಕ್ಯಾಮೆರಾ ಹಿಡಿದ ಮನುಷ್ಯನೇ ಕೋಣೆಯಿಂದ ಹೊರಗೆ ಹೋದರೆ ಹೇಗೆ? 2008ರಲ್ಲಿ ‘ದಿ ಫ್ಯಾಮಿಲಿ’ ಎಂಬ ಮಾಲಿಕೆಗಾಗಿ ಒಂದು ಸಂಸಾರದ ಮನೆಯಲ್ಲಿಯೂ, 2010ರಲ್ಲಿ ಇನ್ನೊಂದು ಮಾಲಿಕೆಗಾಗಿ ಹೆರಿಗೆ ವಾರ್ಡಿನಲ್ಲಿಯೂ ಗೋಡೆಗೆ ಸಣ್ಣ ಕ್ಯಾಮೆರಾಗಳನ್ನು ಜೋಡಿಸಿ ದೂರದಿಂದ ನಡೆಸಿ ನೋಡಿದ್ದಾಯಿತು. 2011ರ ಸೆಪ್ಟೆಂಬರಿನಲ್ಲಿ ಚಾನೆಲ್ ಫೋರ್ ‘ಎಜುಕೇಟಿಂಗ್ ಎಸೆಕ್ಸ್’ ಎಂಬ ಮಾಲಿಕೆಯೊಡನೆ ಈ ಪದ್ಧತಿಯನ್ನು ಶಾಲೆಗೆ ತಂದಿತು. ಶಾಲೆ ಹಾರ್ಲೊ ಎಂಬ ಊರಿನ ಪಾಸ್‌ಮೋರ್ಸ್. ಮುಖ್ಯೋಪಾಧ್ಯಾಯ ವಿಕ್ ಗೊಡಾರ್ಡ್. ಅದು ಜನಪ್ರಿಯವಾದುದರಿಂದ 2013ರಲ್ಲಿ ಡ್ಯೂಸ್‌ಬರಿಯ ಥಾರ್ನ್‌ಹಿಲ್ ಶಾಲೆಯಲ್ಲಿ ‘ಎಜುಕೇಟಿಂಗ್ ಯಾರ್ಕ್‌ಷೈರ್’, 2014ರಲ್ಲಿ ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ, 2015ರಲ್ಲಿ ಕಾರ್ಡಿಫಿನಲ್ಲಿ, 2017ರಲ್ಲಿ ಮ್ಯಾಂಚೆಸ್ಟರಿನ ನೆರೆಯ ಸಾಲ್ಫರ್ಡಿನಲ್ಲಿ, ಹೀಗೆ ಮಾಲಿಕೆಗಳು ಬೆಳೆದವು.

ಇದು ನಡೆಯುವ ರೀತಿ ಹೀಗೆ. ತರಗತಿ, ಮೊಗಸಾಲೆ, ಮುಖ್ಯೋಪಾಧ್ಯಾಯರ ಕೋಣೆ, ಊಟದ ಮನೆ ಎಲ್ಲೆಡೆ ಸೇರಿ ಅರವತ್ತಕ್ಕೂ ಮಿಕ್ಕಿ ಕ್ಯಾಮೆರಾಗಳು. ಕೆಲವು ಉಪಾಧ್ಯಾಯರ, ಕೆಲವು ಮಕ್ಕಳ ಉಡುಪಿಗೆ ಸಿಕ್ಕಿಸಿದ ತಂತಿರಹಿತ ಮೈಕುಗಳು. ಇವೆಲ್ಲ ಬಂದು ಕೂಡುವುದು ಒಂದು ನಿಯಂತ್ರಣ ಕೊಠಡಿಗೆ. ಅಲ್ಲಿ ಕುಳಿತವರು ಎದುರಿನ ಪರದೆಗಳ ಸಾಲನ್ನು ನೋಡುತ್ತ, ಯಾವುದನ್ನು ಮುದ್ರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಗಳಿಗೆಗಳಿಗೆಗೂ ತೀರ್ಮಾನಿಸುತ್ತಿರುತ್ತಾರೆ. ಚಿತ್ರಣ ಸುಮಾರು ಏಳು ವಾರ. ಮೊದಲ ದಿನಗಳಲ್ಲಿ ಮಕ್ಕಳು ಕ್ಯಾಮೆರಾದತ್ತ ನೋಡಿ ಹಲ್ಲು ಕಿರಿಯುತ್ತಾರೆ, ಆ ಮೇಲೆ ಮರೆಯುತ್ತಾರೆ. ಇನ್‌ಸ್ಪೆಕ್ಟರರು ಏಳು ವಾರ ಶಾಲೆಯಲ್ಲಿಯೇ ಉಳಿದರೆ ಅವರ ಮುಂದೆಯೂ ಹುಡುಗರು ಜಗಳವಾಡುವರಲ್ಲವೆ? ಅಂತೂ ಇಷ್ಟೆಲ್ಲದರಿಂದ ಕಟ್ಟಕಡೆಗೆ ಉಳಿಯುವುದು ಎಂಟು ಕಂತುಗಳು. ಜಾಹೀರಾತು ಕಳೆದರೆ ಒಟ್ಟು ಏಳು ಗಂಟೆಗಳೂ ಆಗಲಾರವು. ಏಳು ವಾರದ ಬಾಳು ಏಳು ಗಂಟೆಗೂ ಕಡಿಮೆಯಾಗಿ ಬಸಿದು ಬರುವಾಗ ನಾಟ್ಯಧರ್ಮಿಯ ಕೈ ಎಷ್ಟು ಉದ್ದವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಗ್ರೇಫನ ಕಟ್ಟುಪಾಡುಗಳೂ ಇಲ್ಲಿ ಸಡಿಲಗೊಂಡಿವೆ: ಹಿನ್ನೆಲೆಯ ನಿರೂಪಣೆಯುಂಟು, ಮಕ್ಕಳೂ ಉಪಾಧ್ಯಾಯರೂ ಕುಳಿತು ತಮ್ಮ ಮನಸ್ಸನ್ನು ಹೇಳಿಕೊಳ್ಳುವ ಸಂದರ್ಶನಗಳುಂಟು.

ಈ ಮಾಲಿಕೆಗಳಲ್ಲಿ ಅತ್ಯಂತ ಪ್ರಸಿದ್ಧವಾದ ಪ್ರಸಂಗ ಯಾರ್ಕ್‌ಷೈರಿನದು. ಡ್ಯೂಸ್‌ಬರಿ ಹಳೆಯ ಉಣ್ಣೆಯ ಗಿರಣಿಗಳ ಊರು. ದಕ್ಷಿಣ ಏಷ್ಯದಿಂದ ಹೋಗಿ ನೆಲೆಸಿದ ಕುಟುಂಬಗಳು ಅಲ್ಲಿ ಬಹಳ. ಅಲ್ಲಿನ ಶಾಲೆಯಲ್ಲಿ ಮುಷಾರಫ್ ಎಂಬ ಹುಡುಗ. ಹದಿನಾರರ ಪ್ರಾಯದ ಪರೀಕ್ಷೆಯ ಅಂಚಿನಲ್ಲಿದ್ದವನು. ಅವನಿಗೆ ತೀವ್ರವಾದ ಉಗ್ಗು. ಇಂಗ್ಲಿಷ್ ಪರೀಕ್ಷೆಯ ಒಂದು ಭಾಗವನ್ನು ಬಾಯಿಬಿಟ್ಟು ಮಾತಾಡಿಯೇ ಮುಗಿಸಬೇಕು. ಅವನ ಉಪಾಧ್ಯಾಯ ಮ್ಯಾಥ್ಯೂ ಬರ್ಟನ್ ‘ದಿ ಕಿಂಗ್ಸ್ ಸ್ಪೀಚ್’ ಎಂಬ ಚಲನಚಿತ್ರವನ್ನು ನೋಡಿದ್ದ. ಉಗ್ಗಿನಿಂದ ಬಳಲುತ್ತಿದ್ದ ಆರನೆಯ ಜಾರ್ಜ್ ದೊರೆಗೆ ಮಾತಿನ ಚಿಕಿತ್ಸೆ ಮಾಡಿದವನ ಕಥೆ ಅದು. ಅದರಲ್ಲಿ ಕಿವಿಗೆ ಸಂಗೀತ ತುಂಬಿಸಿ ಓದಿಸುವ ಒಂದು ಪ್ರಸಂಗವಿದೆ. ಇದನ್ನೇ ಏಕೆ ಪ್ರಯತ್ನಿಸಬಾರದೆಂದು ಉಪಾಧ್ಯಾಯನಿಗೆ ತೋರಿತು. ಹುಡುಗನ ಕಿವಿಗೆ ಹೆಡ್‌ಫೋನು ಏರಿತು. ಸಂಗೀತದಲ್ಲಿ ಮುಳುಗಿ, ತನ್ನ ದನಿ ತನಗೇ ಕೇಳಿಸದಂತಾದಾಗ, ಅವನ ಬಾಯಿಂದ ಪದ್ಯದ ಮಾತುಗಳು ಒಂದೊಂದಾಗಿ ಹೊರಟವು. ಅನಂತರ ಶಾಲೆ ಬಿಡುವ ಮುನ್ನ ನಡೆದ ಸಭೆಯಲ್ಲಿ ಅವನು ಎದ್ದುನಿಂತು ಸಹಪಾಠಿಗಳೆದುರು ಮಾತನಾಡಿದ. ಕೇಳುತ್ತಿದ್ದ ಮಕ್ಕಳೂ ಉಪಾಧ್ಯಾಯರೂ ಅತ್ತರು.

ನಮ್ಮ ಕಾವ್ಯಮೀಮಾಂಸೆ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತದೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ. ಮನಸ್ಸು ಒಂದೇ ಕಡೆ ನೆಟ್ಟಾಗ ಮಾತ್ರ ಇವು ಮೈಯಲ್ಲಿ ಮೂಡುತ್ತವೆ. ಆದುದರಿಂದಲೇ ನಟನಿಗೆ ಇವು ಕಠಿಣವೆಂದು ಪೂರ್ವಿಕರು ತಿಳಿದಿದ್ದರು. ಈ ಪ್ರಸಂಗದಲ್ಲಿ ಸ್ವರಭೇದವೂ ಇತ್ತು, ಕಂಪವೂ ಇತ್ತು, ಅಶ್ರುವೂ ಇತ್ತು. ನಟನೆ ಮಾತ್ರ ಇರಲಿಲ್ಲ. ಅವಲೋಕನದ ಚಿತ್ರಕ್ಕೆ ತನ್ನದೇ ಆದ ರಸವೊಂದು ಇದ್ದರೆ ಅದು ಇಲ್ಲಿದೆ. ಇಡೀ ದೇಶ ನೋಡಿ ಕಣ್ಣೊರೆಸಿಕೊಂಡಿತು. ಆ ಮಾಲಿಕೆಗೆ 2014ರಲ್ಲಿ ನ್ಯಾಷನಲ್ ಟೆಲಿವಿಷನ್ ಪ್ರಶಸ್ತಿಯೂ ಬಂದಿತು.

1977ರಲ್ಲಿ ದಿಗಿಲುಗೊಳಿಸಿದ್ದ ಪ್ರೌಢಶಾಲೆ 2013ರಲ್ಲಿ ಪ್ರೀತಿಪಾತ್ರವಾದುದು ಹೇಗೆ? ಶಾಲೆಗಳು ಅಷ್ಟು ಬದಲಾದವೆ? 2011ರ ಬಳಿಕದ ಮಾಲಿಕೆಗಳಲ್ಲಿಯೂ ಗದ್ದಲವಿದೆ, ಬೈಗುಳವಿದೆ, ತರಗತಿಯಿಂದ ಹೊರಹಾಕಿಸಿಕೊಂಡು ಮೊಗಸಾಲೆಯಲ್ಲಿ ಮುಖ ಊದಿಸಿ ಕುಳಿತ ಹುಡುಗಿಯರಿದ್ದಾರೆ. ವಾಲ್ತಮ್‌ಸ್ಟೋದ ಮಾಲಿಕೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ತರುಣ ಉಪಾಧ್ಯಾಯನೊಬ್ಬ ತರಗತಿಯನ್ನು ಹಿಡಿಯಲಾರದೆ ಪಡುವ ಪಾಡು, ಹಳೆಯ ಚಿತ್ರದ ಉಪಾಧ್ಯಾಯರ ಪಾಡಿಗಿಂತ ಬೇರೆಯದಲ್ಲ. ವ್ಯತ್ಯಾಸವಿರುವುದು ನೋಟದ ಅವಧಿಯಲ್ಲಿ. ಒಂದು ಗಂಟೆಯ ಚಿತ್ರಕ್ಕೆ ಹುಡುಗನ ಉದ್ಧಟತನ ಕಾಣುತ್ತದೆ. ಎಂಟು ಕಂತುಗಳ ಚಿತ್ರಕ್ಕೆ ಅದೇ ಹುಡುಗ ಮಧ್ಯಾಹ್ನ ಒಂಟಿಯಾಗಿ ಕುಳಿತದ್ದೂ, ಮರುದಿನ ಉಪಾಧ್ಯಾಯೆಯ ಬಳಿ ಬಂದು ತಲೆತಗ್ಗಿಸಿ ನಿಂತದ್ದೂ, ಅವಳು ‘ಆಗಲಿ, ಇವತ್ತು ಹೊಸ ದಿನ’ ಎಂಬಂತೆ ಅವನನ್ನು ಒಳಗೆ ಕರೆದದ್ದೂ ಕಾಣುತ್ತದೆ. ತಪ್ಪನ್ನು ನೋಡಲು ಒಂದು ಕ್ಷಣ ಸಾಕು. ಮನುಷ್ಯನನ್ನು ನೋಡಲು ಕಾಲ ಬೇಕು. ಉಪಾಧ್ಯಾಯನಿಗೂ ನಿರ್ದೇಶಕನಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.

ಹೀಗೆಂದು ಹೊಸ ಮಾಲಿಕೆಗಳನ್ನು ಕಣ್ಣುಮುಚ್ಚಿ ಹೊಗಳುವಂತೆಯೂ ಇಲ್ಲ. ನನಗೆ ತೋರಿದ ಮೂರು ಕೊರತೆಗಳನ್ನು ಹೇಳುತ್ತೇನೆ.

ಮೊದಲನೆಯದು, ಶಾಲೆಯ ಚಿತ್ರದಲ್ಲಿ ಪಾಠವೇ ಕಡಿಮೆ. ಮೊಗಸಾಲೆಯ ಮಾತು, ಮುಖ್ಯೋಪಾಧ್ಯಾಯರ ಕೋಣೆಯ ವಿಚಾರಣೆ, ಗೆಳೆತನ, ಮುನಿಸು, ಕಣ್ಣೀರು ಇವು ಹೇರಳ. ಬೀಜಗಣಿತದ ಒಂದು ಸಮೀಕರಣ ಮಗುವಿನ ಬುದ್ಧಿಯಲ್ಲಿ ಹೊಳೆಯುವ ಗಳಿಗೆ ಬಹಳ ವಿರಳ. ಅದಕ್ಕೆ ಕಾರಣವೂ ಇದೆ. ತಿಳಿವು ಮೂಡುವುದು ಹೊರಗೆ ಕಾಣುವುದಿಲ್ಲ. ಜಗಳಕ್ಕೆ ಮುಖವಿದೆ, ಅರಿವಿಗೆ ಮುಖವಿಲ್ಲ. ಆದ್ದರಿಂದ ಈ ಚಿತ್ರಗಳನ್ನು ನೋಡಿದವರಿಗೆ ಉಪಾಧ್ಯಾಯನೆಂದರೆ ಸಂತೈಸುವವನು, ಗದರಿಸುವವನು ಎಂದು ತೋರೀತೇ ಹೊರತು ಕಲಿಸುವವನು ಎಂದು ತೋರುವುದು ಕಡಿಮೆ.

ಎರಡನೆಯದು, ಚಿತ್ರಕ್ಕೆ ಕಥೆ ಬೇಕು; ಕಥೆಗೆ ತೊಂದರೆ ಬೇಕು, ಪ್ರಯತ್ನ ಬೇಕು, ಫಲ ಬೇಕು. ಯಾರ ಬದುಕಿನಲ್ಲಿ ಈ ಮೂರೂ ಆ ಏಳು ವಾರಗಳ ಒಳಗೆ ಅಳವಟ್ಟವೋ ಅವರು ತೆರೆಗೆ ಬರುತ್ತಾರೆ. ಸಾಲ್ಫರ್ಡಿನ ಮಾಲಿಕೆಯಲ್ಲಿ ಸಿರಿಯಾದ ಯುದ್ಧದಿಂದ ಪಾರಾಗಿ ಬಂದ ಹುಡುಗನೊಬ್ಬ, ಅವನೊಡನೆ ಬೆಳೆದ ಅಲ್ಲಿಯ ಮಕ್ಕಳ ಗೆಳೆತನ ಮನಸ್ಸಿನಲ್ಲಿ ನಿಲ್ಲುವಂಥದು. ಅದು ತೆರೆಗೆ ಬಂದದ್ದು ಉಚಿತವೇ. ಆದರೆ ದಿನವೂ ಹೊತ್ತಿಗೆ ಸರಿಯಾಗಿ ಬಂದು, ಮೂರನೆಯ ಸಾಲಿನಲ್ಲಿ ಕುಳಿತು, ಯಾರ ಗಮನವನ್ನೂ ಸೆಳೆಯದೆ ಮನೆಗೆ ಹೋಗುವ ಮಗು? ಅರವತ್ತು ಕ್ಯಾಮೆರಾಗಳಿದ್ದರೂ ಅದು ಕಾಣುವುದಿಲ್ಲ. ಇನ್ನು ಇವು ಮನುಷ್ಯರನ್ನು ತೋರಿಸುತ್ತವೆ, ವ್ಯವಸ್ಥೆಯನ್ನಲ್ಲ. ಶಾಲೆಯ ಬೊಕ್ಕಸ, ಊರಿನ ನಿರುದ್ಯೋಗ, ಸರ್ಕಾರದ ಧೋರಣೆ ಇವು ಗೋಡೆಯ ಮೇಲಣ ಕ್ಯಾಮೆರಾಕ್ಕೆ ಎಟುಕುವುದಿಲ್ಲ. ಎಲ್ಲ ಕಷ್ಟಕ್ಕೂ ಒಬ್ಬ ಒಳ್ಳೆಯ ಉಪಾಧ್ಯಾಯನ ಮಮತೆಯೇ ಮದ್ದು ಎಂಬ ಭ್ರಮೆ ಹುಟ್ಟುವುದು ಹೀಗೆ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಚಿತ್ರಿತರಾದವರು ಮಕ್ಕಳು. ಮಕ್ಕಳ ಮತ್ತು ಪೋಷಕರ ಒಪ್ಪಿಗೆ ಪಡೆಯುವ ಕ್ರಮವೇನೋ ಇದೆ; ಮನಶ್ಶಾಸ್ತ್ರಜ್ಞರ ಸಲಹೆಯನ್ನೂ ಕೇಳುತ್ತಾರೆ. ಆದರೆ ಹದಿನಾಲ್ಕರ ಪ್ರಾಯದಲ್ಲಿ ಕೊಟ್ಟ ಒಪ್ಪಿಗೆಯ ಭಾರ ಮೂವತ್ತರ ಪ್ರಾಯದಲ್ಲಿ ಎಷ್ಟಾಗುತ್ತದೆಂದು ಅರಿಯಬಲ್ಲವರು ಯಾರು? 1977ರ ಚಿತ್ರ ಒಂದು ರಾತ್ರಿ ಪ್ರಸಾರವಾಗಿ ಜನರ ನೆನಪಿಗೆ ಸರಿಯಿತು. ಇಂದಿನ ಚಿತ್ರಗಳು ಹಾಗೆ ಸರಿಯುವುದಿಲ್ಲ. ಅಂತರ್ಜಾಲದಲ್ಲಿ ತುಣುಕುಗಳಾಗಿ ಉಳಿಯುತ್ತವೆ, ಯಾರು ಯಾವಾಗ ಬೇಕಾದರೂ ತೆರೆದು ನೋಡಬಹುದು. ಬಾಲ್ಯಕ್ಕೆ ಪ್ರಕೃತಿ ಕೊಟ್ಟ ಒಂದು ದೊಡ್ಡ ವರವೆಂದರೆ ಮರೆವು. ಶಾಲೆಯಲ್ಲಿ ನಾವು ಆಡಿದ ಒರಟು ಮಾತು, ಹೇಳಿದ ಸುಳ್ಳು, ಸುರಿಸಿದ ಕಣ್ಣೀರು ಕಾಲದಲ್ಲಿ ಕರಗಿಹೋದದ್ದರಿಂದಲೇ ನಾವು ಬೇರೆಯವರಾಗಿ ಬೆಳೆಯಲು ಸಾಧ್ಯವಾಯಿತು. ತೆರೆಯ ಮೇಲಿನ ಮಗುವಿಗೆ ಆ ಮರೆವು ಇಲ್ಲ. ಮುಷಾರಫನಿಗೆ ಆ ಪ್ರಸಂಗ ಒಳ್ಳೆಯದನ್ನೇ ಮಾಡಿತೆನ್ನಬೇಕು. ದನಿಗಾಗಿ ತಡಕಾಡುತ್ತಿದ್ದವನು ಮುಂದೆ ಸಭೆಗಳಲ್ಲಿ ನಿಂತು ಮಾತನಾಡುವವನಾದ. ಆದರೆ ಅವನ ಜೊತೆಯಲ್ಲಿಯೇ ತೆರೆಗೆ ಬಂದು, ಸಿಟ್ಟಿನಲ್ಲಿ ಬಾಗಿಲು ಬಡಿದು ಹೋದ ಹುಡುಗನೊಬ್ಬನಿದ್ದರೆ, ಅವನ ಪಾಲಿಗೆ ಆ ಬಾಗಿಲು ಇಂದಿಗೂ ಬಡಿಯುತ್ತಲೇ ಇರುತ್ತದೆ.

ಹಾಗಾದರೆ ಇಂಥ ಚಿತ್ರಗಳು ಬೇಡವೆ? ಬೇಡವೆಂದು ನಾನು ಹೇಳಲಾರೆ. ಗ್ರೇಫನೇ 1982ರಲ್ಲಿ ಪೋಲೀಸರನ್ನು ಕುರಿತು ಮಾಡಿದ ಮಾಲಿಕೆಯಲ್ಲಿ, ಅತ್ಯಾಚಾರಕ್ಕೊಳಗಾದೆನೆಂದು ದೂರು ತಂದ ಹೆಣ್ಣುಮಗಳನ್ನು ಅಧಿಕಾರಿಗಳು ಹೇಗೆ ಗದರಿಸಿ ಪ್ರಶ್ನಿಸುತ್ತಾರೆಂಬುದನ್ನು ಕಂಡು ಬ್ರಿಟನ್ ಬೆಚ್ಚಿತು. ಅಂಥ ದೂರುಗಳನ್ನು ನಡೆಸಿಕೊಳ್ಳುವ ರೀತಿಯೇ ಬದಲಾಗಲು ಅದು ಕಾರಣವಾಯಿತು. ನೋಡುವುದರಿಂದ ಲೋಕ ಬದಲಾಗುವುದುಂಟು. ಶಾಲೆಯ ಚಿತ್ರಗಳಿಂದಲೂ ಒಂದು ಉಪಕಾರವಾಗಿದೆ. ಪತ್ರಿಕೆಗಳ ತಲೆಬರಹಗಳಲ್ಲಿ ಪುಂಡರೆಂದು, ಫಲಿತಾಂಶದ ಪಟ್ಟಿಗಳಲ್ಲಿ ಅಂಕಿಗಳೆಂದು ಮಾತ್ರ ಕಾಣುತ್ತಿದ್ದ ಮಕ್ಕಳಿಗೆ ಅವು ಮುಖ ಕೊಟ್ಟವು. ಉಪಾಧ್ಯಾಯವೃತ್ತಿ ಎಂಥ ಸಣ್ಣ ಸಣ್ಣ ತಾಳ್ಮೆಗಳಿಂದ ಕಟ್ಟಿದ್ದೆಂಬುದನ್ನು ಮನೆಮನೆಗೆ ತೋರಿಸಿದವು. ಹತ್ತು ಸಲ ಹೇಳಿದ್ದನ್ನು ಹನ್ನೊಂದನೆಯ ಸಲ, ಮೊದಲ ಸಲವೆಂಬಂತೆ ಹೇಳುವುದು. ನಿನ್ನೆ ಬೈದವನನ್ನು ಇಂದು ಹೆಸರು ಹಿಡಿದು ಕರೆಯುವುದು. ಇದನ್ನು ಯಾವ ತಪಾಸಣೆಯ ವರದಿಯೂ ಬರೆದದ್ದಿಲ್ಲ.

2025ರಲ್ಲಿ ‘ಎಜುಕೇಟಿಂಗ್ ಯಾರ್ಕ್‌ಷೈರ್’ ಮತ್ತೆ ಅದೇ ಥಾರ್ನ್‌ಹಿಲ್ ಶಾಲೆಗೆ ಮರಳಿತು. ಹನ್ನೆರಡು ವರ್ಷಗಳ ಹಿಂದೆ ಹುಡುಗನ ಕಿವಿಗೆ ಸಂಗೀತ ಹಚ್ಚಿದ್ದ ಮ್ಯಾಥ್ಯೂ ಬರ್ಟನ್ ಈ ಸಲ ಮುಖ್ಯೋಪಾಧ್ಯಾಯ. ಹಳೆಯ ಮಕ್ಕಳು ಬೆಳೆದು ಹೋಗಿದ್ದಾರೆ, ಹೊಸ ಮಕ್ಕಳು ಬಂದಿದ್ದಾರೆ. ತೆರೆಯ ಮೇಲಿನ ಶಾಲೆ ಏಳು ವಾರಕ್ಕೆ ಮುಗಿಯುತ್ತದೆ, ನಿಜವಾದ ಶಾಲೆ ವರ್ಷದಿಂದ ವರ್ಷಕ್ಕೆ ಸಾಗುತ್ತಲೇ ಇರುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಪ್ರಾರಂಭದಲ್ಲಿ ಕೇಳಿದ ಪ್ರಶ್ನೆಗೆ ಮರಳೋಣ. ಯಾರೂ ನೋಡದಿರುವಾಗ ಶಾಲೆ ಹೇಗಿರುತ್ತದೆ? ಯಾರೂ ನೋಡದ ಶಾಲೆ ಎಂಬುದೇ ಇಲ್ಲ ಎಂಬುದು ನನ್ನ ಉತ್ತರ. ಅಲ್ಲಿ ಮಗುವನ್ನು ದಿನವೂ ನೋಡುತ್ತಿರುವವನೊಬ್ಬನು ಇದ್ದೇ ಇರುತ್ತಾನೆ, ಅವನು ಉಪಾಧ್ಯಾಯ. ಕ್ಯಾಮೆರಾ ಕಂಡದ್ದೆಲ್ಲವನ್ನೂ ನೆನಪಿಡುತ್ತದೆ. ಒಳ್ಳೆಯ ಉಪಾಧ್ಯಾಯ ಕಂಡದ್ದರಲ್ಲಿ ಬಹಳಷ್ಟನ್ನು ಮರೆಯುತ್ತಾನೆ, ಮರೆಯಬೇಕಾದದ್ದನ್ನು ಬೇಕೆಂದೇ ಮರೆಯುತ್ತಾನೆ. ಮೂರನೆಯ ಸಾಲಿನಲ್ಲಿ ಸದ್ದಿಲ್ಲದೆ ಕುಳಿತ ಮಗುವನ್ನು ಮಾತ್ರ ಮರೆಯುವುದಿಲ್ಲ. ಆ ಮಗುವನ್ನು ನಾನು ನನ್ನ ತರಗತಿಗಳಲ್ಲಿ ಎಷ್ಟು ಸಲ ನೋಡಿದ್ದೆನೆಂದು, ಈ ಚಿತ್ರಗಳನ್ನು ನೋಡಿ ಮುಗಿಸಿದ ರಾತ್ರಿ, ನನ್ನನ್ನು ನಾನೇ ಕೇಳಿಕೊಂಡೆ. ಹೇಳಿಕೊಳ್ಳುವಂಥ ಉತ್ತರ ನನಗೆ ಸಿಗಲಿಲ್ಲ.